ಅರ್ಧ ಉಸಿರು

ಗಾಜಪ್ಪನ ಕಣ್ಣು ಸರಿಹೋದ ಮೇಲೆ ಆ ಮನೆಯಲ್ಲಿ ಗಾಜು ಒಡೆಯಲು ಶುರುವಾಯಿತು.

ಗಾಜಪ್ಪ ಅನ್ನುವುದು ಬೀದಿಯವರು ಇಟ್ಟ ಹೆಸರು. ಮನೆಯ ಹಿಂದಿನ ಶೆಡ್ಡಿನಲ್ಲಿ ಕುಲುಮೆ ಇಟ್ಟುಕೊಂಡು, ಕರಗಿದ ಗಾಜಿನಿಂದ ಹೂದಾನಿ, ಬಟ್ಟಲು, ದೀಪದ ಶೇಡು ಮಾಡುವವನಿಗೆ ಬೇರೆ ಹೆಸರು ಬೇಕಿರಲಿಲ್ಲ. ಅವನ ಜೊತೆ ಅದೇ ಶೆಡ್ಡಿನಲ್ಲಿ ಅಷ್ಟೇ ವರ್ಷ ಬೆಂದ ಹೆಂಡತಿಗೆ ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಗಾಜಪ್ಪನ ಹೆಂಡತಿ ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಅವನು ಬೆಂಚಿನ ಮೇಲೆ ಕೂತು ಕಬ್ಬಿಣದ ಉದ್ದನೆಯ ಕೊಳವೆಯನ್ನು ಉರುಳಿಸುತ್ತಾ, ಅದರ ತುದಿಯಲ್ಲಿ ಕೆಂಪಗೆ ಜೋತ ಗಾಜನ್ನು ಇಕ್ಕಳದಿಂದ ತಿದ್ದುತ್ತಿದ್ದ. ಅವಳು ಕೊಳವೆಯ ಈಚೆ ತುದಿಯಲ್ಲಿ ಮಂಡಿಯೂರಿ, ಅವನು ತಲೆಯಾಡಿಸಿದಾಗ ಊದುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಇಬ್ಬರಿಗೂ ಮಾತು ಬೇಕಾಗುತ್ತಿರಲಿಲ್ಲ. ಜಗಳಕ್ಕೆ ಅಡುಗೆಮನೆ ಇತ್ತು.

ವರ್ಷಗಟ್ಟಲೆ ಕುಲುಮೆಯ ಬಾಯಿಯನ್ನು ದಿಟ್ಟಿಸಿದ್ದಕ್ಕೆ ಗಾಜಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಂದದ್ದನ್ನು ಅವನು ಒಪ್ಪಲಿಲ್ಲ. ಪೇಪರಿನವರು ಅಕ್ಷರ ಸಣ್ಣ ಮಾಡಿದ್ದಾರೆ ಅಂದ, ಬಲ್ಬಿನವರು ಮೋಸ ಮಾಡುತ್ತಿದ್ದಾರೆ ಅಂದ. ಕೊನೆಗೆ ಒಂದು ದಿನ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿಕೊಂಡು, ಚೆನ್ನಾಗಿದೆ ಎಂದು ಸಾಧಿಸಿ ಪೂರ್ತಿ ಕುಡಿದ. ಮಗಳು ಅವನನ್ನು ಕೈಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಆಪರೇಷನ್ ಆಗಿ ಪಟ್ಟಿ ಬಿಚ್ಚಿದ್ದೇ ಮನೆಯವರ ನೆಮ್ಮದಿ ಹಾರಿಹೋಯಿತು.

"ಈ ಲೋಟ ಯಾರು ತೊಳೆದದ್ದು? ಅಂಚಿನಲ್ಲಿ ನೋಡಿ, ಕರೆ."

"ಇಷ್ಟು ದಿನ ಅದರಲ್ಲೇ ಕುಡೀತಿದ್ದೆ. ಏನೂ ಆಗಲಿಲ್ಲವಲ್ಲ," ಅಂದಳು ಅವನ ತಾಯಿ. ಅಡುಗೆಮನೆ ಅವಳ ಸಾಮ್ರಾಜ್ಯ.

"ಅಮ್ಮ, ನಿನ್ನ ಸ್ವೆಟರ್ ನೀಲಿ!"

"ಕೊಂಡ ದಿನದಿಂದ ನೀಲಿನೇ. ನೀನೇ ಕೊಡಿಸಿದ್ದು."

"ನಾನು ಬೂದಿ ಬಣ್ಣದ್ದು ಕೊಡಿಸಿದ್ದೆ."

"ಹಾಗಾದ್ರೆ ವಾಪಸ್ ತಗೊಂಡು ಹೋಗಿ ಜಗಳ ಆಡು."

ಹೆಂಡತಿ ಮಾತ್ರ ಆ ದಿನಗಳಲ್ಲಿ ಸಂತೋಷವಾಗಿದ್ದಳು. "ಅಬ್ಬ, ಇನ್ನು ನನಗೂ ಸ್ವಲ್ಪ ಬಿಡುವು," ಅಂದಳು. ಬಿಡುವು ಯಾವುದರಿಂದ ಎಂದು ಯಾರೂ ಕೇಳಲಿಲ್ಲ.

ಕೆಲಸ ಕಾದಿತ್ತು. ಊರಿನ ಹೊಸ ಲೈಬ್ರರಿಯ ಓದುವ ಕೋಣೆಗೆ ತೂಗುದೀಪಗಳ ಶೇಡು ಬೇಕಿತ್ತು. ಗಾಜಪ್ಪ ಪೊರೆಯ ಕಣ್ಣಿನಲ್ಲೇ ಮಾಡಿಕೊಟ್ಟಿದ್ದ ಒಂದು ಮಾದರಿ ನೋಡಿ ಲೈಬ್ರರಿಯ ಆರ್ಕಿಟೆಕ್ಟ್ ಮರುಳಾಗಿದ್ದಳು. ಮೇಲೆ ದಪ್ಪಗಿದ್ದು, ಅಂಚಿಗೆ ಬರುತ್ತಾ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುವ ಶೇಡು ಅದು. ಅಂಥವೇ ಬೇಕು, ಲೈಬ್ರರಿ ಬಾಗಿಲು ತೆಗೆಯುವ ಮೊದಲು ಬೇಕು ಅಂದಿದ್ದಳು.

ಹೊಸ ಕಣ್ಣಿನ ಉತ್ಸಾಹದಲ್ಲಿ ಗಾಜಪ್ಪ ಬೆಂಚು ಹತ್ತಿದ. ಊದಿ ಮುಗಿಸಿದ ಗಾಜನ್ನು ಒಮ್ಮೆಲೇ ಗಾಳಿಗೆ ಇಡುವಂತಿಲ್ಲ. ತಣಿಸುವ ಒಲೆಯಲ್ಲಿಟ್ಟು ಮಾರನೆಯ ದಿನದವರೆಗೆ ನಿಧಾನವಾಗಿ ಆರಿಸಬೇಕು. ಮಾರನೆಯ ದಿನ ಒಲೆ ತೆಗೆದರೆ ಒಂದೊಂದು ಶೇಡಿನ ಕುತ್ತಿಗೆಗೂ ಸುತ್ತ ಬಿರುಕು. ಅದರ ಮಾರನೆಯ ದಿನವೂ ಹಾಗೇ. ಒಡೆದ ಗಾಜಿನ ಬಕೆಟ್ಟು ತುಂಬಿ ಇನ್ನೊಂದು ಬಕೆಟ್ಟು ಬಂತು.

ಗಾಜಪ್ಪ ಮೊದಲು ಗ್ಯಾಸಿನವರನ್ನು ಬೈದ. ಆಮೇಲೆ ಗಾಜಿನ ಪುಡಿ ಕಳಿಸಿದವರನ್ನು ಬೈದ. ಒಲೆ ರಿಪೇರಿಯವನನ್ನು ಕರೆಸಿದ. ಅವನು ಹಿಂದೆ ಮುಂದೆ ನೋಡಿ, ಒಲೆ ಸರಿಯಾಗಿಯೇ ಇದೆ ಎಂದು ಹೇಳಿ ಚಹಾ ಕುಡಿದು ಹೋದ. ಬೈಯಲು ಹೊರಗಿನವರು ಮುಗಿದ ಮೇಲೆ ಮನೆಯವರ ಸರದಿ ಬಂತು.

"ಅಮ್ಮ, ನೀನು ಹೊತ್ತಲ್ಲದ ಹೊತ್ತಲ್ಲಿ ಶೆಡ್ಡಿನ ಬಾಗಿಲು ತೆಗೀತೀಯ. ತಣ್ಣನೆ ಗಾಳಿ ನುಗ್ಗುತ್ತೆ."

"ಬಾಗಿಲು ತೆಗೀದೆ ಇದ್ರೆ ನಿಮ್ಮ ಊಟ ಗೋಡೆ ತೂರಿಕೊಂಡು ಬರುತ್ತೇನೋ?"

"ಸ್ವಲ್ಪ ಕೂಗಿದ್ರೆ ನಾವೇ ಬರ್ತೀವಿ."

"ಕೂಗಿ ಕೂಗಿ ನನ್ನ ಗಂಟಲು ಹೋಗಿದೆ. ನೀವು ಬಂದದ್ದು ಯಾವಾಗ?"

ಮಗಳಿಗೆ ಈಜುಕೊಳದಲ್ಲಿ ಕೆಲಸ, ಮಕ್ಕಳಿಗೆ ಈಜು ಕಲಿಸುವುದು. ಬಿಡುವಿನ ದಿನ ಒದ್ದೆ ಕೂದಲು ಆರಿಸಿಕೊಳ್ಳಲು ಅವಳಿಗೆ ಶೆಡ್ಡಿಗಿಂತ ಒಳ್ಳೆಯ ಜಾಗ ಇರಲಿಲ್ಲ. ಅವತ್ತು ಟವೆಲ್ ಹೊದ್ದು ಮೂಲೆಯಲ್ಲಿ ಕೂತು ಅಪ್ಪ ಅಮ್ಮನ ಕೆಲಸವನ್ನು ನೋಡಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ, ಆಲೂಗಡ್ಡೆ ಬಡಿಸಿಕೊಳ್ಳುತ್ತಾ, ಹವಾಮಾನದ ಮಾತಾಡುವವಳ ಹಾಗೆ ಹೇಳಿದಳು.

"ಅಮ್ಮ, ನೀನು ಅರ್ಧ ಉಸಿರು ಊದ್ತಿದೀಯ."

"ಏನು?"

"ನನ್ನ ಹತ್ರ ಬರೋ ಮಕ್ಕಳು ನೀರಿಗೆ ಹೆದರಿದಾಗ ಹಾಗೇ ಮಾಡ್ತಾರೆ. ಎದೆ ತುಂಬ ತಗೋತಾರೆ, ಅರ್ಧ ಬಿಟ್ಟು ಉಳಿದದ್ದನ್ನ ಹಿಡ್ಕೊಂಡ್ಬಿಡ್ತಾರೆ. ನಿನಗೂ ಕೆನ್ನೆ ಉಬ್ಬುತ್ತೆ, ಎದೆ ಮಾತ್ರ ಇಳಿಯಲ್ಲ."

ಗಾಜಪ್ಪ ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. "ಹೌದೇನೆ?"

ಹೆಂಡತಿ ಎದೆಯ ಮೇಲೆ ಕೈಯಿಟ್ಟು ಒಮ್ಮೆ ಉಸಿರು ಬಿಟ್ಟು ನೋಡಿದಳು. ಅವಳಿಗೂ ಅದು ಗೊತ್ತಾದದ್ದು ಆಗಷ್ಟೇ. "ಇರಬಹುದು. ಅಭ್ಯಾಸ ಆಗ್ಬಿಟ್ಟಿದೆ."

"ಏನು ಅಭ್ಯಾಸ?"

ಇಲ್ಲಿ ಒಂದು ಸಣ್ಣ ಸುಳ್ಳು ಹೇಳಿದ್ದರೆ ಎಲ್ಲರೂ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಅವಳು ಹೇಳಲಿಲ್ಲ.

"ನಿನ್ನ ಕಣ್ಣು ಮಂಜಾಗಿತ್ತಲ್ಲ, ಆಗ ನಿನಗೆ ಗಾಜಿನ ಕೆಂಪು ಸರಿಯಾಗಿ ಕಾಣ್ತಿರಲಿಲ್ಲ. ಇನ್ನೂ ಕಾದಿಲ್ಲ ಅಂತ ನೀನು ಬೆಂಕೀಲೇ ಇಡ್ತಿದ್ದೆ. ಈಚೆಗೆ ತರೋ ಹೊತ್ತಿಗೆ ಅದು ಜೇನಿನ ಹಾಗೆ ಇಳೀತಿರ್ತಿತ್ತು. ಪೂರ್ತಿ ಊದಿದ್ರೆ ಕೈಗೇ ಸಿಗ್ತಿರಲಿಲ್ಲ. ಅದಕ್ಕೇ ನಾನು ಮೆತ್ತಗೆ ಊದ್ತಿದ್ದೆ."

"ಈಗ?"

"ಈಗ ನೀನು ಸರಿಯಾದ ಹದಕ್ಕೆ ತೆಗೀತೀಯ. ಗಾಜು ಬಿಗಿ ಇರುತ್ತೆ. ನನ್ನ ಬಾಯಿ ಇನ್ನೂ ಹಳೇ ಹದದಲ್ಲೇ ಇದೆ."

ವಿಷಯ ಅಷ್ಟೇ. ಬಿಗಿ ಗಾಜಿಗೆ ಮೆತ್ತನೆಯ ಉಸಿರು ಸಾಲದೆ ಕುತ್ತಿಗೆ ದಪ್ಪ ಉಳಿಯುತ್ತಿತ್ತು, ಕೆಳಗೆ ತೆಳುವಾಗುತ್ತಿತ್ತು. ತೆಳುವಾದದ್ದು ಬೇಗ ಆರುತ್ತದೆ, ದಪ್ಪವಾದದ್ದು ತಡವಾಗಿ ಆರುತ್ತದೆ. ಎರಡರ ಎಳೆದಾಟದಲ್ಲಿ ಬಿರುಕು ಬಿಡುತ್ತದೆ.

"ಸರಿ, ಗೊತ್ತಾಯ್ತಲ್ಲ," ಅಂದಳು ಮುದುಕಿ. "ನಾಳೆಯಿಂದ ಜೋರಾಗಿ ಊದು, ಮುಗೀತು. ಅನ್ನ ಆರ್ತಿದೆ."

ಗಾಜಪ್ಪನಿಗೆ ಮುಗಿದಿರಲಿಲ್ಲ. "ಎಷ್ಟು ದಿನದಿಂದ ಹೀಗೆ?"

"ನೀನು ಪೇಪರ್ ಹಿಡ್ಕೊಂಡು ಕಿಟಕಿ ಹತ್ರ ಹೋಗೋಕೆ ಶುರು ಮಾಡಿದಾಗಿಂದ."

"ಅದು ವರ್ಷಗಳಾಯ್ತು."

"ಹೌದು."

"ಹಾಗಾದ್ರೆ ಆ ಮಾದರಿ ಶೇಡು? ಆ ತೆಳು ಅಂಚು?" ಅವನ ದನಿ ಏರಿತು. "ಅದು ನನ್ನ ಕೈಯ ಗುಣ ಅಂತ ಆ ಆರ್ಕಿಟೆಕ್ಟ್ ಮುಂದೆ ಅಷ್ಟುದ್ದ ಭಾಷಣ ಮಾಡಿದೀನಿ ನಾನು!"

"ಕೇಳಿಸ್ಕೊಂಡೆ. ಚೆನ್ನಾಗಿತ್ತು."

"ನನಗೆ ಕಣ್ಣು ಕಾಣಲ್ಲ ಅಂತ ಗೊತ್ತಿದ್ದೂ ಒಂದು ಮಾತು ಹೇಳಲಿಲ್ಲ ನೀನು."

"ಹೇಳಿದೆ. ನೀನು ಬಲ್ಬ್ ಸರಿಯಿಲ್ಲ ಅಂದೆ."

ಮಗಳಿಗೆ ನಗು ಬಂತು, ಬರಬಾರದಿತ್ತು. ಗಾಜಪ್ಪ ಊಟ ಬಿಟ್ಟು ಎದ್ದ. ಅವನಿಗೆ ನಿಜವಾಗಿ ನೋವಾಗಿತ್ತು. ಕಣ್ಣು ಕಾಣದಿದ್ದಾಗ ತಾನು ಮಾಡಿದ್ದೇ ತನ್ನ ಅತ್ಯುತ್ತಮ ಕೆಲಸ ಎಂದು ಎಲ್ಲರೂ ಹೊಗಳಿದ್ದರು, ಅವನೂ ನಂಬಿದ್ದ. ಈಗ ಅದರಲ್ಲಿ ತನ್ನದೆಷ್ಟು ಎಂದು ಕೇಳಿಕೊಳ್ಳುವ ಧೈರ್ಯ ಇರಲಿಲ್ಲ.

ಮಾರನೆಯ ದಿನ ಅವನು ಹೆಂಡತಿಗೆ, "ನೀನು ಒಂದಷ್ಟು ದಿನ ವಿಶ್ರಾಂತಿ ತಗೋ," ಅಂದ. ಸಿಟ್ಟನ್ನು ಉಪಕಾರದ ಹಾಳೆಯಲ್ಲಿ ಸುತ್ತಿ ಕೊಡುವುದು ಗಂಡಂದಿರಿಗೆ ಎಲ್ಲಿಂದ ಬರುತ್ತದೋ. ಕೊಳವೆಯ ತುದಿಗೆ ಒಂದು ರಬ್ಬರ್ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ತಾನೇ ಬಾಯಲ್ಲಿ ಕಚ್ಚಿಕೊಂಡು, ತಾನೇ ಉರುಳಿಸಿ ತಾನೇ ಊದಲು ಕೂತ.

ಹೆಂಡತಿಯ ವಿಶ್ರಾಂತಿ ಅಡುಗೆಮನೆಯಲ್ಲಿ ಶುರುವಾಗಿ ಅಲ್ಲೇ ಕೆಟ್ಟಿತು.

"ಈರುಳ್ಳಿ ಹೀಗೆ ಹೆಚ್ತಾರಾ? ಒಂದು ದಪ್ಪ, ಒಂದು ಸಣ್ಣ," ಅಂದಳು ಅತ್ತೆ.

"ಬೆಂದ ಮೇಲೆ ಎಲ್ಲ ಒಂದೇ."

"ಗಾಜಿಗೆ ಹಾಗಂದ್ರೆ ಸುಮ್ಮನಿರ್ತೀಯಾ? ಕೊಡು ಇಲ್ಲಿ ಚಾಕು. ಎಡಚಿ, ನೀನು ಹಿಡಿದ್ರೆ ನನಗೆ ನೋಡೋಕೇ ಭಯ ಆಗುತ್ತೆ."

ಬಂದ ದಿನದಿಂದ ಅತ್ತೆ ಅವಳನ್ನು ಕರೆಯುವುದು ಎಡಚಿ ಎಂದೇ. ಬೈಗುಳವಾಗಿ ಶುರುವಾದದ್ದು ಎಂದೋ ಮುದ್ದಿನ ಹೆಸರಾಗಿತ್ತು, ಇಬ್ಬರೂ ಅದನ್ನು ಗಮನಿಸಿರಲಿಲ್ಲ. ಚಾಕು ಕೈಬಿಟ್ಟ ಸೊಸೆ ಬಟ್ಟೆ ಒಗೆದಳು, ಕಿಟಕಿ ಒರೆಸಿದಳು, ಗಂಡ ಪತ್ತೆ ಮಾಡಿದ್ದ ಜೇಡರ ಬಲೆಗಳನ್ನೆಲ್ಲ ತೆಗೆದಳು. ಆದರೂ ಶೆಡ್ಡಿನಿಂದ ಕೊಳವೆಯ ಸದ್ದು ಬಂದಾಗಲೆಲ್ಲ ಅವಳ ಎದೆ ತಾನಾಗಿ ಉಸಿರು ತುಂಬಿಕೊಳ್ಳುತ್ತಿತ್ತು. ಇನ್ನು ಯಾರೂ ತನ್ನನ್ನು ಅಲ್ಲಿಗೆ ಕರೆಯದಿದ್ದರೆ ಎಂದು ಅವಳಿಗೆ ಹೆದರಿಕೆಯಾಯಿತು. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

ಗಂಡ ಹೆಂಡತಿ ನೇರ ಮಾತಾಡುವುದು ನಿಂತಿತು. ಮುದುಕಿ ಅಂಚೆಯವಳಾದಳು.

"ಅವಳಿಗೆ ಹೇಳು, ನನ್ನ ಕಣ್ಣಿನ ಔಷಧಿ ಸಿಗ್ತಿಲ್ಲ."

"ಎಡಚಿ, ಅವನ ಔಷಧಿ ಎಲ್ಲಿ?"

"ಅವನ ಕಣ್ಣ ಮುಂದೇ ಇದೆ ಅಂತ ಹೇಳಿ."

"ನಿನ್ನ ಕಣ್ಣ ಮುಂದೇ ಇದೆಯಂತೆ. ಇನ್ನು ನಿಮ್ಮ ಮಾತು ನೀವೇ ಹೊತ್ಕೊಳ್ಳಿ, ನನಗೆ ಸೊಂಟ ನೋವು."

ರಬ್ಬರ್ ನಳಿಗೆಯಿಂದ ಊದಿದ ಶೇಡುಗಳು ಒಡೆಯಲಿಲ್ಲ. ಗಾಜಪ್ಪ ಗೆದ್ದವನಂತೆ ಅವನ್ನು ಕಪಾಟಿನಲ್ಲಿ ಸಾಲಾಗಿ ಇಟ್ಟು ಆರ್ಕಿಟೆಕ್ಟನ್ನು ಕರೆಸಿದ. ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು, ಇನ್ನೊಂದನ್ನು ಎತ್ತಿದಳು, ಅಂಚಿನ ಮೇಲೆ ಬೆರಳಾಡಿಸಿದಳು.

"ಚೆನ್ನಾಗಿವೆ. ಆದರೆ ನಾನು ಕೇಳಿದ್ದು ಇವಲ್ಲ. ಎಲ್ಲ ಕಡೆ ಒಂದೇ ದಪ್ಪ ಇದೆ. ಇವು ಅಂಗಡಿಯಲ್ಲೂ ಸಿಗುತ್ತವೆ."

"ಇವು ಕೈಯಲ್ಲಿ ಮಾಡಿದ್ದು."

"ಗೊತ್ತು. ಕಾರ್ಖಾನೆಯವು ಬೇಕಿದ್ರೆ ನಾನು ಕಾರ್ಖಾನೆಗೇ ಹೋಗ್ತಿದ್ದೆ. ಮಾದರಿಯ ಹಾಗೆ ಆಗದಿದ್ರೆ ಹೇಳಿಬಿಡಿ, ಅಲ್ಲಿಗೇ ಹೋಗ್ತೀನಿ." ಅವಳು ಸುತ್ತ ನೋಡಿದಳು. "ನಿಮ್ಮ ಮನೆಯವರು ಯಾವಾಗಲೂ ಇಲ್ಲೇ ಇರ್ತಿದ್ರಲ್ಲ, ಎಲ್ಲಿ?"

"ವಿಶ್ರಾಂತಿ ತಗೋತಿದ್ದಾಳೆ."

ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದೂ, ಅತ್ತೆ ಸೊಸೆ ಒಟ್ಟಿಗೇ ಕೂಗಿದ್ದೂ ಕೇಳಿಸಿತು.

ಸಂಜೆ ಗಾಜಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಮುದುಕಿ ಒಲೆಯ ಮುಂದೆ ಸೌಟು ಆಡಿಸುತ್ತಾ ಕಿವಿ ಈ ಕಡೆ ಇಟ್ಟಿದ್ದಳು.

"ನಾಳೆಯಿಂದ ಬಾ."

"ಯಾತಕ್ಕೆ?"

"ಯಾತಕ್ಕೆ ಅಂದ್ರೆ? ಊದೋಕೆ. ಮೊದಲಿನ ಹಾಗೆ."

"ಮೊದಲಿನ ಹಾಗೆ ಬರಲ್ಲ."

"ತಪ್ಪಾಯ್ತು ಅಂತ ಹೇಳಬೇಕೇನು?"

"ಅದೆಲ್ಲ ಬೇಡ. ಬೆಂಚು ಬೇಕು. ಬೆಳಗಿನ ಹೊತ್ತು ನನಗೆ, ಮಧ್ಯಾಹ್ನ ನಿನಗೆ. ನಾನು ಕೂತಾಗ ನೀನು ಊದಬೇಕು."

ಗಾಜಪ್ಪ ನಕ್ಕ. ಅಲ್ಲೇ ಅವನು ಕೆಟ್ಟದ್ದು.

"ಬೆಂಚಿನ ಮೇಲೆ ಕೂತು ನೀನೇನು ಮಾಡ್ತೀಯ? ಅದಕ್ಕೆ ಕೈ ಪಳಗಿರಬೇಕು."

"ಊದೋಕೆ ಏನೂ ಪಳಗೋದು ಬೇಡ?"

"ಊದೋದೇನು ಮಹಾ? ಉಸಿರಿರೋರೆಲ್ಲ ಊದ್ತಾರೆ."

ಮುದುಕಿ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿ ಈ ಕಡೆ ತಿರುಗಿದಳು. "ನೀನು ಹೆಂಡತೀನ ಕರ್ಕೊಂಡು ಬಂದೆ ಅಂದ್ಕೊಂಡಿದ್ದೆ ಕಣೋ. ಪಂಪ್ ತಂದಿದೀಯ ಅಂತ ಗೊತ್ತಿರಲಿಲ್ಲ."

ಗಾಜಪ್ಪ ಮುಖ ಗಂಟು ಹಾಕಿಕೊಂಡು ಹೊರಟುಹೋದ.

ಆ ವಾರದಲ್ಲೇ ಅವನು ಕಣ್ಣು ತೋರಿಸಿಕೊಂಡು ಬರಲು ಆಸ್ಪತ್ರೆಗೆ ಹೋಗಬೇಕಿತ್ತು. ಅವನು ಬೀದಿ ದಾಟುವುದನ್ನು ಕಿಟಕಿಯಿಂದ ನೋಡಿ ಹೆಂಡತಿ ಸೆರಗಿನ ಹಾಗೆ ಹೆಗಲ ಮೇಲಿದ್ದ ಒರೆಸುವ ಬಟ್ಟೆಯನ್ನು ತೆಗೆದಿಟ್ಟಳು. "ಬಾರೇ," ಅಂತ ಮಗಳನ್ನು ಎಬ್ಬಿಸಿಕೊಂಡು ಶೆಡ್ಡಿಗೆ ನಡೆದಳು. ಮಗಳ ಎದೆಯಲ್ಲಿ ಉಸಿರಿಗೆ ಬರವಿರಲಿಲ್ಲ. ಹೇಳಿದಾಗ ಊದಿದಳು, ಹೇಳಿದಾಗ ನಿಲ್ಲಿಸಿದಳು. ತೊಂದರೆ ಬೆಂಚಿನ ಮೇಲಿತ್ತು. ಇಷ್ಟು ವರ್ಷ ಎದುರಿನಿಂದ ನೋಡಿದ ಕೆಲಸವನ್ನು ಈ ಕಡೆ ಕೂತು ಮಾಡಲು ಹೋದರೆ ಎಲ್ಲ ತಿರುಗಾಮುರುಗ. ಇಕ್ಕಳ, ಕತ್ತರಿ, ಮರದ ಅಚ್ಚು ಎಲ್ಲವೂ ಬೆಂಚಿನ ಬಲಕ್ಕಿದ್ದವು. ಅವಳ ಎಡಗೈ ಪ್ರತಿ ಸಲವೂ ಖಾಲಿ ಜಾಗವನ್ನು ತಡಕಿ ವಾಪಸ್ ಬರುತ್ತಿತ್ತು. ಅಷ್ಟರಲ್ಲಿ ಗಾಜು ಒಂದು ಕಡೆಗೆ ಜೋತು ಗಟ್ಟಿಯಾಗಿಬಿಟ್ಟಿತು.

ಆದದ್ದು ಶೇಡೂ ಅಲ್ಲ, ಬಟ್ಟಲೂ ಅಲ್ಲ. ಕುಂಬಳಕಾಯಿಯ ಮೇಲೆ ಯಾರೋ ಕೂತು ಎದ್ದ ಹಾಗಿತ್ತು. ಅವಳಿಗೆ ಅಳು ಬಂತು. ತಾನು ಕೂತರೆ ಸಾಕು, ಬಂದುಬಿಡುತ್ತದೆ ಎಂದು ಅವಳು ಒಳಗೊಳಗೇ ನಂಬಿದ್ದಳು.

"ಮೊದಲನೇ ಸಲ ಎಲ್ಲರೂ ನೀರು ಕುಡೀತಾರಮ್ಮ," ಅಂದಳು ಮಗಳು.

ಡಾಕ್ಟರ್ ಬೇಗ ಬಿಟ್ಟುಬಿಟ್ಟಿದ್ದರು. ಗಾಜಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ.

"ಏನಿದು?"

"ನಾನು ಮಾಡಿದ್ದು."

"ಕಾಣ್ತಿದೆ. ಕಣ್ಣು ಪೂರ್ತಿ ಸರಿಹೋಗಿದೆ ಅಂತ ಈಗ ತಾನೇ ಡಾಕ್ಟರ್ ಹೇಳಿದ್ರು."

ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಅವಳ ಮಾತು ಕಡ್ಡಿ ಮುರಿದಂತಿತ್ತು. "ಉಸಿರಿರೋರೆಲ್ಲ ಊದ್ತಾರೆ ಅಂದೆಯಲ್ಲ. ನಾಳೆ ಬೆಳಗ್ಗೆ ನೀನು ಊದು, ನಾನು ಕೂರ್ತೀನಿ. ಒಂದೇ ಒಂದು. ನಿನ್ನ ಊದೋ ಕೆಲಸ ನೀನು ಸರಿಯಾಗಿ ಮಾಡಿದ್ರೆ ಆಯ್ತು, ನನ್ನ ಕೈ ಹೇಗಾದ್ರೂ ಇರಲಿ, ಮತ್ತೆ ಬೆಂಚಿನ ಮಾತೆತ್ತಲ್ಲ. ಬಾಯಿ ಮುಚ್ಕೊಂಡು ಮೊದಲಿನ ಜಾಗಕ್ಕೆ ಬರ್ತೀನಿ."

"ಆಗದಿದ್ರೆ?"

"ಬೆಳಗಿನ ಹೊತ್ತು ನಂದು."

"ನೋಡೇಬಿಡೋಣ," ಅಂದ ಗಾಜಪ್ಪ. ಸೋಲುವ ಯೋಚನೆಯೇ ಅವನಿಗೆ ಬರಲಿಲ್ಲ.

ಬೆಳಗ್ಗೆ ಮಗಳು ಕೆಲಸಕ್ಕೆ ತಡವಾದರೂ ಪರವಾಗಿಲ್ಲ ಎಂದು ಶೆಡ್ಡಿನಲ್ಲಿ ನಿಂತಳು. ಮುದುಕಿ ಚಹಾದ ಲೋಟ ಹಿಡಿದು ಬಂದಳು. ಬಾಗಿಲು ತೆರೆದದ್ದಕ್ಕೆ ಅವತ್ತು ಯಾರೂ ಬೈಯಲಿಲ್ಲ. ಗಾಜಪ್ಪ ಕುಲುಮೆಯಿಂದ ಕೊಳವೆಯ ತುದಿಗೆ ಗಾಜು ಸುತ್ತಿ ತಂದು ಹೆಂಡತಿಗೆ ಕೊಟ್ಟ. ಅವಳು ಅದನ್ನು ಬೆಂಕಿಗೆ ಹಿಡಿದು, ಹದ ನೋಡಿ, ಬೆಂಚಿನ ಮೇಲೆ ಕೂತು ಉರುಳಿಸತೊಡಗಿದಳು. ಅವನು ಮಂಡಿಯೂರಿದ. ಮಂಡಿ ಎರಡೂ ಲಟಲಟ ಅಂದವು. ಕೊಳವೆಗೆ ಬಾಯಿಟ್ಟ.

ಅಲ್ಲಿಂದ ಗಾಜು ಬೇರೆ ಥರ ಕಾಣುತ್ತಿತ್ತು. ಮಂಡಿಯೂರಿದವನ ಕೈಯಲ್ಲಿ ಏನೂ ಇಲ್ಲ, ತಿರುಗಿಸುವುದಿಲ್ಲ, ತಿದ್ದುವುದಿಲ್ಲ. ಎದುರಿನವರ ಮುಖ ನೋಡಿಕೊಂಡು ಇರಬೇಕು, ಅಷ್ಟೇ. ಗಾಜಪ್ಪನಿಗೆ ಅದು ಅಭ್ಯಾಸವಿರಲಿಲ್ಲ. ಅವನು ಗಾಜನ್ನು ನೋಡಿದ. ಅವನ ಹೊಸ ಕಣ್ಣಿಗೆ ಹದ ಬಂದಿತ್ತು, ತಡ ಮಾಡಿದರೆ ಕೆಡುತ್ತಿತ್ತು. ಅವಳು ಇನ್ನೂ ತಲೆಯಾಡಿಸಿರಲಿಲ್ಲ.

ಅವನು ಊದಿದ.

ಎದೆ ತುಂಬಿದ್ದ ಉಸಿರೆಲ್ಲ ಒಂದೇ ಸಲ ಹೋಯಿತು. ಗಾಜು ಉಬ್ಬಿ, ತೆಳುವಾಗಿ, ಪಟ್ಟೆಂದು ಹರಿಯಿತು. ಚೂರುಗಳು ಹಗುರಾಗಿ ಮೇಲೆ ಹಾರಿ ತೇಲುತ್ತಾ ಇಳಿದವು. ಒಂದು ಮುದುಕಿಯ ಚಹಾದಲ್ಲಿ ಬಿತ್ತು.

ಬೆಂಚಿನ ಮೇಲೆ ಕೂತಾಗ ಇಂಥ ಹೊತ್ತಿನಲ್ಲಿ ಗಾಜಪ್ಪನ ಬಾಯಿಂದ ಬರುತ್ತಿದ್ದ ಮಾತು ಒಂದೇ: ಗಮನ ಎಲ್ಲಿಟ್ಟಿದ್ದೆ? ಈಗ ಅವನು ಆ ಮಾತಿಗಾಗಿ ಕಾದ. ತನಗೂ ಅದು ಸಲ್ಲಬೇಕು ಎಂದು ಅವನಿಗೆ ಅನ್ನಿಸಿತು, ಅವಮಾನವೂ ಆಯಿತು.

ಹೆಂಡತಿ ಕೊಳವೆಯ ತುದಿಯಲ್ಲಿ ಉಳಿದ ಗಾಜನ್ನು ಬಕೆಟ್ಟಿಗೆ ತಟ್ಟಿ ಉದುರಿಸಿದಳು. ಕೊಳವೆಯನ್ನು ಅವನ ಕಡೆ ಚಾಚಿದಳು.

"ಮತ್ತೆ ತಗೊಂಡ್ಬಾ."

"ಮುಗೀತಲ್ಲ," ಅಂದ ಅವನು, ಏಳುತ್ತಾ. "ನೀನು ಗೆದ್ದೆ. ಬೆಳಗಿನ ಹೊತ್ತು ನಿಂದು."

"ಬೆಳಗಿನ ಹೊತ್ತು ಇನ್ನೂ ಮುಗಿದಿಲ್ಲ. ತಗೊಂಡ್ಬಾ."

ಅವನು ಕೊಳವೆ ತೆಗೆದುಕೊಂಡ. ಕುಲುಮೆಯ ಕಡೆ ಹೆಜ್ಜೆಯಿಟ್ಟವನು ನಿಂತ. ಕೊಳವೆಯನ್ನು ಗೋಡೆಗೆ ಒರಗಿಸಿ, ಬೆಂಚಿನ ಬಲಕ್ಕಿದ್ದ ಇಕ್ಕಳ, ಕತ್ತರಿಗಳ ಸ್ಟೂಲನ್ನು ಎತ್ತಿ ಎಡಕ್ಕೆ ತಂದಿಟ್ಟ. ಹೋಗಿ ಗಾಜು ಸುತ್ತಿಕೊಂಡು ಬಂದ.

ಅವಳು ಕಾಯಿಸಿ ತಂದು ಕೂತಳು. ಅವನು ಮತ್ತೆ ಮಂಡಿಯೂರಿ, ಕೊಳವೆಗೆ ಬಾಯಿಡುವ ಮೊದಲು ತಲೆಯೆತ್ತಿ ಅವಳ ಮುಖ ನೋಡಿದ.

"ಯಾವಾಗ?"

"ಹೇಳ್ತೀನಿ."

ಗಾಜು ಅವಳ ಕೈಯಲ್ಲಿ ತಿರುಗುತ್ತಿತ್ತು. ಅವನು ಎದೆ ತುಂಬ ಉಸಿರು ಹಿಡಿದು ಕಾದ. ಅವಳಿಗೆ ಆತುರವಿರಲಿಲ್ಲ.